ಆನೆ ಭಾರ ಆನೆಗೆ, ಇರುವೆ ಭಾರ ಇರುವೆಗೆ: ಸಣ್ಣ ಮೈಕಟ್ಟಿನ ಡೈವರ್‌ಗೆ ಎಂಥ ಜೋಡಿ ಸಿಲಿಂಡರ್?

ಪ್ರಶ್ನೆ: ನನ್ನ ಎತ್ತರ 152 ಸೆಂಟಿಮೀಟರ್, ತೂಕ 47 ಕಿಲೋ. ಡೈವಿಂಗ್ ಕಲಿತದ್ದು ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ. ಈಗ ನಾಲ್ಕು ವರ್ಷದಿಂದ ಹ್ಯಾಂಬರ್ಗ್‌ನಲ್ಲಿದ್ದೇವೆ, ವಾರಾಂತ್ಯಕ್ಕೆ ಹೆಮ್ಮೂರ್ ಕೆರೆಯಲ್ಲಿ ನೀರು ಒಳಬಾರದ ಡ್ರೈಸೂಟ್ ಹಾಕಿ ಇಳಿಯುತ್ತೇವೆ. 40 ಮೀಟರ್ ಆಳದವರೆಗಿನ ಡೈವ್‌ಗಳಿಗಾಗಿ ಜೋಡಿ ಸಿಲಿಂಡರ್ ಕಲಿಯಬೇಕೆಂದಿದ್ದೇನೆ. ಕ್ಲಬ್ಬಿನ ಹಿರಿಯರು "ಡಬಲ್ 12 (12 ಲೀಟರಿನ ಎರಡು ಸಿಲಿಂಡರ್) ತಗೋ, ಅದಕ್ಕಿಂತ ಚಿಕ್ಕದೆಲ್ಲ ಆಟದ ಸಾಮಾನು" ಅನ್ನುತ್ತಾರೆ. ಒಮ್ಮೆ ಎರವಲು ತಂದು ಹಾಕಿಕೊಂಡೆ. ಬೆಂಚಿನಿಂದ ಎದ್ದವಳು ಹಾಗೇ ಹಿಂದಕ್ಕೆ ಕುಕ್ಕರಿಸಿದೆ. ನನ್ನ ಉಸಿರಿನ ಖರ್ಚು ನಿಮಿಷಕ್ಕೆ ಸುಮಾರು 12 ಲೀಟರ್, ಜೊತೆಗಾರನಾದ ಗಂಡನದು 18. ಅವರದೊಂದು ಹಳೆಯ ಡಬಲ್ 12 ಮೂಲೆಯಲ್ಲಿ ಬಿದ್ದಿದೆ. ಅದಕ್ಕೇ ಒಗ್ಗಿಕೊಳ್ಳಲೇ, ಹಗುರವೆಂದು ಅಲ್ಯೂಮಿನಿಯಂ ಕೊಳ್ಳಲೇ, ಸಿಲಿಂಡರನ್ನು ಮಗ್ಗುಲಿಗೆ ಕಟ್ಟುವ ಸೈಡ್‌ಮೌಂಟ್ ಕಡೆ ಹೋಗಲೇ?

ಉತ್ತರ: ಕುಕ್ಕರಿಸಿದ್ದಕ್ಕೆ ನಾಚಿಕೆ ಬೇಡ. ನನ್ನ ಎತ್ತರ ನಿಮಗಿಂತ ಎರಡು ಅಂಗುಲ ಹೆಚ್ಚು ಅಷ್ಟೆ. ಮೊದಲ ಸಲ ಡಬಲ್ 12 ಹೊತ್ತಾಗ ದಡದಲ್ಲಿ ಅಂಗಾತ ಬಿದ್ದ ಆಮೆಯಂತೆ ಕೈಕಾಲು ಆಡಿಸುತ್ತಿದ್ದೆ, ಇಬ್ಬರು ಬಂದು ಎತ್ತಿ ನಿಲ್ಲಿಸಿದರು. ಆಮೇಲೆ ಮನೆಗೆ ಹೋಗಿ ಕಾಗದ ಪೆನ್ನು ಹಿಡಿದು ಕೂತೆ. ಅವತ್ತು ಮಾಡಿದ ಲೆಕ್ಕವನ್ನೇ ನಿಮ್ಮ ಅಂಕಿಗಳನ್ನು ಹಾಕಿ ಇಲ್ಲಿ ಮಾಡುತ್ತೇನೆ.

ಮೊದಲು ದಡದ ಮೇಲಿನ ತೂಕ. 232 ಬಾರ್‌ನ (ಬಾರ್ ಅಂದರೆ ಒತ್ತಡದ ಅಳತೆ) 12 ಲೀಟರ್ ಉಕ್ಕಿನ ಸಿಲಿಂಡರ್ ಬರಿದಾಗಿದ್ದಾಗ 14 ಕಿಲೋ ಆಸುಪಾಸು ಇರುತ್ತದೆ. ಎರಡಕ್ಕೆ 28. ಎರಡನ್ನೂ ಕೂಡಿಸುವ ಕೊಳವೆಯಾದ ಮ್ಯಾನಿಫೋಲ್ಡ್, ವಾಲ್ವ್, ಬ್ಯಾಂಡ್ ಸೇರಿ ನಾಲ್ಕು ಕಿಲೋ ಹಿಡಿಯಿರಿ. ಬೆನ್ನಿಗೆ ಕೂರುವ ಸ್ಟೀಲ್ ಬ್ಯಾಕ್‌ಪ್ಲೇಟ್, ತೇಲಿಸುವ ಗಾಳಿಚೀಲವಾದ ವಿಂಗ್, ಉಸಿರಾಡಲು ಎರಡು ರೆಗ್ಯುಲೇಟರ್‌ಗೆ ಇನ್ನೊಂದು ಏಳು. ಒಳಗಿನ ಗಾಳಿಗೂ ತೂಕವಿದೆ ಎನ್ನುವುದು ಬಹಳ ಜನರಿಗೆ ಹೊಳೆಯುವುದೇ ಇಲ್ಲ: 200 ಬಾರ್‌ಗೆ ತುಂಬಿದರೆ 4800 ಲೀಟರ್, ಅಂದರೆ ಹತ್ತಿರಹತ್ತಿರ ಆರು ಕಿಲೋ. ಕೂಡಿದರೆ 45 ಕಿಲೋ. ನಿಮ್ಮದೇ ತೂಕದ ಇನ್ನೊಬ್ಬರನ್ನು ಉಪ್ಪುಮೂಟೆ ಹೊತ್ತು ಹೆಮ್ಮೂರಿನ ದಡ ಇಳಿದು ಹತ್ತಿದ ಹಾಗಾಯಿತು. 90 ಕಿಲೋದ ಕ್ಲಬ್ ಹಿರಿಯರಿಗೆ ಅದು ಅರ್ಧ ಮೈತೂಕ ಮಾತ್ರ. ಆನೆ ಭಾರ ಆನೆಗೆ, ಇರುವೆ ಭಾರ ಇರುವೆಗೆ ಎಂದು ನಮ್ಮಜ್ಜಿ ಹೇಳುತ್ತಿದ್ದ ಮಾತು ಅವರ ಕಿವಿಗೆ ಬಿದ್ದಿರಲಿಕ್ಕಿಲ್ಲ.

ಇದೇ ಲೆಕ್ಕ 10 ಲೀಟರ್ ಜೋಡಿಗೆ 40 ಕಿಲೋ, 8.5 ಲೀಟರ್ ಜೋಡಿಗೆ 35ರಿಂದ 36, 7 ಲೀಟರ್ ಜೋಡಿಗೆ 32ರ ಸುಮಾರು ಬರುತ್ತದೆ. ತಯಾರಕರನ್ನು ನೋಡಿಕೊಂಡು ಸ್ವಲ್ಪ ಆಚೀಚೆ ಆಗುತ್ತದೆ. ಸಿಲಿಂಡರಿನ ಹೆಗಲ ಮೇಲೆ ಬರಿದಾದ ತೂಕವನ್ನು ಕೊರೆದಿರುತ್ತಾರೆ, ಕೊಳ್ಳುವಾಗ ಅದನ್ನೇ ಓದಿ.

ಇಲ್ಲಿ ಹಿರಿಯರು ಎತ್ತುವ ಆಕ್ಷೇಪ ನನಗೆ ಗೊತ್ತು. "ಡ್ರೈಸೂಟ್ ತೇಲುತ್ತದೆ, ಮುಳುಗಲು ಹೇಗೂ ಸೀಸ ಕಟ್ಟಿಕೊಳ್ಳಬೇಕು. ದೊಡ್ಡ ಉಕ್ಕಿನ ಸಿಲಿಂಡರ್ ತೊಟ್ಟರೆ ಅಷ್ಟು ಸೀಸ ಉಳಿಯಿತಲ್ಲ?" ಕೇಳಲು ಸರಿ ಅನಿಸುತ್ತದೆ, ನಾನೂ ವರ್ಷಗಟ್ಟಲೆ ನಂಬಿದ್ದೆ. ಪ್ರೌಢಶಾಲೆಯ ಆರ್ಕಿಮಿಡೀಸ್ ತತ್ವವನ್ನು ನೆನಪಿಸಿಕೊಂಡು ನೋಡಿ. 12 ಲೀಟರ್ ಸಿಲಿಂಡರಿನ ಹೊಟ್ಟೆ 12 ಲೀಟರ್, ಅದರ 14 ಕಿಲೋ ಉಕ್ಕು ಆಕ್ರಮಿಸುವ ಜಾಗ ಸುಮಾರು 1.8 ಲೀಟರ್. ಒಟ್ಟು 13.8 ಲೀಟರ್ ನೀರನ್ನು ಅದು ಪಕ್ಕಕ್ಕೆ ಸರಿಸುತ್ತದೆ, ಸಿಹಿನೀರು ಅದನ್ನು 13.8 ಕಿಲೋದಷ್ಟು ಮೇಲಕ್ಕೆ ತಳ್ಳುತ್ತದೆ. ಉಳಿದ ಭಾರ 200 ಗ್ರಾಂ. ಈಗ 8.5 ಲೀಟರಿನದು: ಹೊಟ್ಟೆ 8.5, ಹತ್ತು ಕಿಲೋ ಉಕ್ಕಿಗೆ 1.3, ಒಟ್ಟು 9.8. ಅಲ್ಲೂ ಉಳಿದದ್ದು 200 ಗ್ರಾಂ! ಗಾಳಿ ಮುಗಿಯುತ್ತಾ ಬಂದಾಗ ಎರಡೂ ನೀರಿನಲ್ಲಿ ಹೆಚ್ಚುಕಡಿಮೆ ತೂಕವಿಲ್ಲದಂತೆ ನಿಲ್ಲುತ್ತವೆ. ಸೀಸ ಎಷ್ಟು ಬೇಕು ಎಂದು ನಿರ್ಧರಿಸುವುದು ಡೈವ್‌ನ ಕೊನೆಯ ಆ ಗಳಿಗೆಯನ್ನು ನೋಡಿಯೇ. ಅಂದರೆ ಡಬಲ್ 12 ತೆಗೆದುಕೊಂಡರೂ ಡಬಲ್ 8.5 ತೆಗೆದುಕೊಂಡರೂ ನಿಮ್ಮ ಸೀಸದ ಲೆಕ್ಕ ಬದಲಾಗುವುದಿಲ್ಲ. ದಡದ ಮೇಲೆ ಹೊರುವ ಹತ್ತು ಕಿಲೋ ಹೆಚ್ಚುವರಿ ನೀರಿನೊಳಗೆ ನಿಮಗೆ ಚಿಕ್ಕಾಸಿನ ಉಪಕಾರವನ್ನೂ ಮಾಡುವುದಿಲ್ಲ. 300 ಬಾರ್‌ನ ದಪ್ಪ ಗೋಡೆಯ ಸಿಲಿಂಡರುಗಳಾದರೆ ಬರಿದಾದರೂ ಮುಳುಗುವಂಥವು. ಅವುಗಳ ಗೊಡವೆ ನಿಮಗೆ ಬೇಡ.

ಅಲ್ಯೂಮಿನಿಯಂ ಹಗುರ ಎಂಬ ನಿಮ್ಮ ಎಣಿಕೆಗೂ ಇಲ್ಲೇ ಉತ್ತರವಿದೆ. ಅಡುಗೆಮನೆಯಲ್ಲಿ ಅಲ್ಯೂಮಿನಿಯಂ ಪಾತ್ರೆ ಹಗುರ, ಒಪ್ಪಿದೆ. ಆದರೆ ಒತ್ತಡ ತಡೆಯಲು ಸಿಲಿಂಡರಿನ ಗೋಡೆಯನ್ನು ಬಹಳ ದಪ್ಪ ಮಾಡಬೇಕಾಗುತ್ತದೆ. ನೇತ್ರಾಣಿಯಲ್ಲಿ ನೀವು ಬೆನ್ನಿಗೆ ಕಟ್ಟಿಕೊಂಡಿದ್ದಿರಬಹುದಾದ ಅಲ್ಯೂಮಿನಿಯಂ 80, ಒಳಗೆ 11.1 ಲೀಟರ್, ಬರಿದಾದ ತೂಕ 14 ಕಿಲೋ ದಾಟುತ್ತದೆ. 12 ಲೀಟರ್ ಉಕ್ಕಿನದಕ್ಕಿಂತ ಹಗುರವೇನಲ್ಲ. ದಪ್ಪ ಗೋಡೆ ಐದು ಲೀಟರಿಗೂ ಹೆಚ್ಚು ಜಾಗ ತಿನ್ನುವುದರಿಂದ ಬರಿದಾದಾಗ ಎರಡು ಕಿಲೋ ಬಲದಿಂದ ಮೇಲಕ್ಕೆ ತೇಲುತ್ತದೆ. ಜೋಡಿ ಕಟ್ಟಿದರೆ ಅದನ್ನು ಕೆಳಗಿಡಲು ನಾಲ್ಕು ಕಿಲೋ ಸೀಸ ಹೆಚ್ಚುವರಿ. ಬಿಸಿನೀರಿನ ಸಮುದ್ರದಲ್ಲಿ ತೆಳು ಸೂಟ್ ತೊಟ್ಟವರಿಗೆ ಅದು ಒಳ್ಳೆಯ ಗುಣ. ವಿಂಗ್ ಹರಿದರೂ ಕಾಲು ಬಡಿದು ಮೇಲೆ ಬರಬಹುದು. ಐದು ಡಿಗ್ರಿ ನೀರಿನಲ್ಲಿ ದಪ್ಪ ಒಳಉಡುಪು ತೊಟ್ಟ 47 ಕಿಲೋದವರಿಗೆ ಅದೊಂದು ದಂಡ. ಅಲ್ಯೂಮಿನಿಯಂ ಜೋಡಿಯನ್ನು ಪಟ್ಟಿಯಿಂದ ತೆಗೆದುಹಾಕಿ.

ಇನ್ನು ಗಾಳಿ ಸಾಲುತ್ತದೆಯೇ ಎಂಬ ಮುಖ್ಯ ಪ್ರಶ್ನೆ. "ಆಟದ ಸಾಮಾನು" ಅಂದವರ ಎದುರಿಗೆ ಇದನ್ನು ಇಡಿ.

40 ಮೀಟರಿನಲ್ಲಿ ಒತ್ತಡ 5 ಬಾರ್. ಅಲ್ಲಿ ನಿಮ್ಮ ಖರ್ಚು ಐದು ಪಟ್ಟಾಗಿ ನಿಮಿಷಕ್ಕೆ 60 ಲೀಟರ್, ನಿಮ್ಮ ಯಜಮಾನರದು 90. ಮೊದಲು ಆಪತ್ಕಾಲದ ಪಾಲನ್ನು ತೆಗೆದಿಡಬೇಕು: ಒಬ್ಬರ ಗಾಳಿ ಪೂರ್ತಿ ಹೋಗಿ ಇಬ್ಬರೂ ಒಂದೇ ಜೋಡಿಯಿಂದ ಉಸಿರಾಡುತ್ತಾ ಮೇಲೆ ಬರುವಷ್ಟು. ಭಯಬಿದ್ದಾಗ ನಿಮ್ಮ 12 ಲೀಟರ್ 12 ಆಗಿ ಉಳಿಯುವುದಿಲ್ಲ, ಆದ್ದರಿಂದ ತಲೆಗೆ 20 ಎಂದಿಡೋಣ. ಸರಾಸರಿ 3 ಬಾರ್, ತಳದಲ್ಲಿ ಸಾವರಿಸಿಕೊಳ್ಳಲು ಒಂದು ನಿಮಿಷವೂ 5 ಮೀಟರಿನ ಸ್ಟಾಪೂ ಸೇರಿ 9 ನಿಮಿಷ. 40 ಗುಣಿಸು 3 ಗುಣಿಸು 9, ಅಂದರೆ 1080 ಲೀಟರ್. ಇದನ್ನು ಯಾರೂ ಮುಟ್ಟುವಂತಿಲ್ಲ.

ಡಬಲ್ 8.5ರಲ್ಲಿ 200 ಬಾರ್‌ಗೆ 3400 ಲೀಟರ್. 1080 ಕಳೆದರೆ 2320. ನಿಮಿಷಕ್ಕೆ 60ರಂತೆ 38 ನಿಮಿಷ. ಗಂಡನ ಡಬಲ್ 12ರಲ್ಲಿ 4800. ಅದೇ 1080 ಕಳೆದರೆ 3720. ನಿಮಿಷಕ್ಕೆ 90ರಂತೆ 41 ನಿಮಿಷ. ನಿಮ್ಮ ಆಟದ ಸಾಮಾನಿಗೂ ಅವರ ಗಂಡಸಿನ ಸಾಮಾನಿಗೂ ವ್ಯತ್ಯಾಸ ಮೂರು ನಿಮಿಷ! ಡಬಲ್ 7 ಕೂಡ ನಿಮಗೆ 28 ನಿಮಿಷ ಕೊಡುತ್ತದೆ. ಗಾಳಿ ಉಸಿರಾಡುತ್ತಾ 40 ಮೀಟರಿನಲ್ಲಿ ಡಿಕಂಪ್ರೆಷನ್ (ಮೇಲೆ ಬರುವಾಗ ಕಡ್ಡಾಯವಾಗಿ ನಿಂತುನಿಂತು ಬರುವುದು) ಇಲ್ಲದೆ ಇರಬಹುದಾದ ಸಮಯ ಹತ್ತು ನಿಮಿಷದ ಒಳಗೆ ಹೊರಗೆ. ಅಷ್ಟು ಆಳದಲ್ಲಿ ಅಷ್ಟು ಹೊತ್ತು ಸಣ್ಣ ದೇಹವನ್ನು ಹೊರಗೆ ಕಳಿಸುವುದು ಗಾಳಿಗಿಂತ ಮೊದಲು ಚಳಿಯೇ. ಡಿಕಂಪ್ರೆಷನ್ ಡೈವ್ ಶುರು ಮಾಡಿದ ಮೇಲೆ ಮೀಸಲು ಇನ್ನೂ ಹೆಚ್ಚಬೇಕು, ಆದರೆ ಆಗ ಪಕ್ಕದಲ್ಲಿ 50 ಶೇಕಡಾ ಆಕ್ಸಿಜನ್ನಿನ ಬೇರೆ ಸಿಲಿಂಡರೇ ಇರುತ್ತದೆ.

ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳಬೇಕು. ಇಬ್ಬರ ಸಿಲಿಂಡರ್ ಬೇರೆಬೇರೆ ಗಾತ್ರದ್ದಾದ ಕ್ಷಣದಿಂದ ಬಾರ್‌ನಲ್ಲಿ ಮಾತಾಡುವುದನ್ನು ಬಿಡಬೇಕು, ಲೀಟರಿನಲ್ಲಿ ಮಾತಾಡಬೇಕು. ಆ 1080 ಲೀಟರ್ ಮೀಸಲು ಅವರ ಗೇಜಿನಲ್ಲಿ 45 ಬಾರ್, ನಿಮ್ಮ ಗೇಜಿನಲ್ಲಿ 64, ಡಬಲ್ 7 ಆದರೆ 77. "ಇಬ್ಬರೂ 50 ಬಾರಿಗೆ ಮೇಲೆ ಹೊರಡೋಣ" ಎಂದು ಕೈಸನ್ನೆ ಮಾಡಿಕೊಂಡು ಇಳಿದರೆ ಅವರನ್ನು ಉಳಿಸಲು ನಿಮ್ಮ ಬೆನ್ನಲ್ಲಿ 850 ಲೀಟರ್ ಮಾತ್ರ ಇರುತ್ತದೆ. ಸಣ್ಣ ಸಿಲಿಂಡರಿನ ವಿರುದ್ಧ ನಾನು ಒಪ್ಪುವ ಏಕೈಕ ವಾದ ಇದು: ನಿಮ್ಮ ಬೆನ್ನ ಮೇಲಿನ ಗಾಳಿ ನಿಮ್ಮೊಬ್ಬರದ್ದಲ್ಲ, ನಿಮಗಿಂತ ಒಂದೂವರೆ ಪಟ್ಟು ಉಸಿರಾಡುವ ಗಂಡನದೂ ಹೌದು.

ಮುಂದೆಂದಾದರೂ ಗುಹೆಗೆ ಇಳಿದರೆ ಈ ವ್ಯತ್ಯಾಸ ಇನ್ನೂ ಕಟುವಾಗುತ್ತದೆ. ಫ್ಲಾರಿಡಾದ ಶೆಕ್ ಎಕ್ಸ್‌ಲಿ ಕಾಲದಿಂದ ಗುಹೆ ಡೈವರ್‌ಗಳು ಪಾಲಿಸುವ ಮೂರನೇ ಒಂದು ನಿಯಮ ನಿಮಗೆ ಗೊತ್ತಿರುತ್ತದೆ: ಒಂದು ಪಾಲು ಹೋಗಲು, ಒಂದು ಪಾಲು ಬರಲು, ಒಂದು ಪಾಲು ಜೊತೆಗಾರನಿಗೆ. ನಿಮ್ಮ ಗಂಡ 4800ರಲ್ಲಿ ತಮ್ಮ ಪಾಲು 1600 ಲೀಟರ್ ಖರ್ಚು ಮಾಡಿ ತುತ್ತತುದಿಯಲ್ಲಿ ಗಾಳಿ ಕಳೆದುಕೊಂಡರು ಎನ್ನಿ. ಹೊರಬರಲು ಅವರಿಗೆ ಇನ್ನೊಂದು 1600 ಬೇಕು. ಅಷ್ಟು ಹೊತ್ತಿಗೆ ನೀವು 1067 ಖರ್ಚು ಮಾಡಿರುತ್ತೀರಿ, ಉಳಿದದ್ದು 2333, ಅದರಲ್ಲಿ ನೀವು ಹೊರಬರಲು 1067. ಮಿಕ್ಕಿದ್ದು 1266. ಮುನ್ನೂರು ಚಿಲ್ಲರೆ ಲೀಟರ್ ಕೊರತೆ, ಮೇಲೆ ಕಲ್ಲಿನ ಚಾವಣಿ. ಆದ್ದರಿಂದ ಅವರು 66 ಬಾರ್‌ವರೆಗೆ ಕಾಯದೆ 60 ಖರ್ಚಾದ ಕೂಡಲೇ ತಿರುಗಬೇಕು. ಅದೂ ಇಬ್ಬರ ಉಸಿರೂ ಮೊದಲಿನಂತೆಯೇ ಇದ್ದರೆ. ಗಾಬರಿಯಲ್ಲಿ ಹಾಗಿರುವುದಿಲ್ಲವಾದ್ದರಿಂದ ನಾನಾದರೆ 50ಕ್ಕೇ ತಿರುಗಿಸುತ್ತೇನೆ.

ಗಾಳಿಯ ಮಾತು ಮುಗಿಯಿತು. ನನ್ನ ಅನುಭವದಲ್ಲಿ ಗಿಡ್ಡ ಡೈವರ್‌ಗಳು ಎಡವುವುದು ಲೀಟರಿನಲ್ಲಿ ಅಲ್ಲ, ಉದ್ದದಲ್ಲಿ. 8.5 ಲೀಟರಿನ ಸಿಲಿಂಡರ್ ಬಹುತೇಕ 140 ಮಿಲಿಮೀಟರ್ ವ್ಯಾಸದ್ದು, ತೆಳ್ಳಗೆ ಬಾಳೆದಿಂಡಿನಂತೆ. ತೆಳ್ಳಗಿರುವುದರಿಂದ ಬೆನ್ನುಮೂಳೆಗೆ ಅಂಟಿಕೊಂಡಂತೆ ಕೂರುತ್ತದೆ, ನೀರಿನಲ್ಲಿ ಮಗ್ಗುಲಿಗೆ ಉರುಳಿಸುವುದಿಲ್ಲ. ಅದಕ್ಕೇ ಸಣ್ಣ ಮೈಕಟ್ಟಿನವರಿಗೆ ಅಚ್ಚುಮೆಚ್ಚು. ಆದರೆ ಅಷ್ಟು ತೆಳ್ಳಗೆ 8.5 ಲೀಟರ್ ಹಿಡಿಸಬೇಕಾದರೆ ಅದರ ಉದ್ದ 67 ಸೆಂಟಿಮೀಟರಿನ ಹತ್ತಿರ ಹೋಗುತ್ತದೆ. 171 ಮಿಲಿಮೀಟರ್ ವ್ಯಾಸದ 12 ಲೀಟರಿನದೂ ಹೆಚ್ಚುಕಡಿಮೆ ಅಷ್ಟೇ ಉದ್ದ. 10 ಲೀಟರಿನದು ಮತ್ತು ತೆಳು 7 ಲೀಟರಿನದು 57ರ ಸುಮಾರು. 203 ಮಿಲಿಮೀಟರ್ ವ್ಯಾಸದ ಡುಮ್ಮ 12 ಇನ್ನೂ ಗಿಡ್ಡ, ಆದರೆ ಅದರ ಭಾರವೆಲ್ಲ ಬೆನ್ನಿನಿಂದ ಒಂದು ಗೇಣು ಹಿಂದಕ್ಕೆ ನಿಲ್ಲುತ್ತದೆ. ಕುಕ್ಕರಿಸಿದಿರಲ್ಲ, ಅದು ಆ ಡುಮ್ಮನೇ ಇದ್ದರೂ ಇರಬಹುದು.

ಒಂದು ಗಟ್ಟಿ ಬೆಂಚಿನ ಮೇಲೆ ನೆಟ್ಟಗೆ ಕೂತು, ಕತ್ತಿನ ಬುಡದಲ್ಲಿ ಉಬ್ಬಿರುವ ಮೂಳೆಯಿಂದ ಬೆಂಚಿನವರೆಗೆ ಅಳತೆ ಪಟ್ಟಿ ಹಿಡಿಸಿ. ನಿಮ್ಮ ಎತ್ತರಕ್ಕೆ 55 ಸೆಂಟಿಮೀಟರ್ ಸುತ್ತಮುತ್ತ ಬರಬಹುದು. ಸಿಲಿಂಡರಿನ ಹೆಗಲು ಆ ಮೂಳೆಯ ಮಟ್ಟಕ್ಕೆ ನಿಲ್ಲಬೇಕು. ಅದಕ್ಕಿಂತ ಮೇಲೆ ಏರಿಸಿದರೆ ತಲೆ ಎತ್ತಿದಾಗಲೆಲ್ಲ ಮ್ಯಾನಿಫೋಲ್ಡಿಗೆ ಬುರುಡೆ ಬಡಿಯುತ್ತದೆ, ಕೆಳಗಿಳಿಸಿದರೆ ವಾಲ್ವ್ ಕೈಗೆ ಸಿಗುವುದಿಲ್ಲ. ಹಾಗಾಗಿ 67ರ ಸಿಲಿಂಡರ್ ನಿಮ್ಮ ಪೃಷ್ಠದಿಂದ ಹನ್ನೆರಡು ಸೆಂಟಿಮೀಟರ್ ಕೆಳಗೆ ಚಾಚಿಕೊಳ್ಳುತ್ತದೆ. ನೀರಿನಲ್ಲಿ ಸೊಂಟ ನೆಟ್ಟಗಿರುವುದರಿಂದ ಅಷ್ಟು ತೊಂದರೆಯಿಲ್ಲ. ಮೆಟ್ಟಿಲು ಹತ್ತುವಾಗ ಮಾತ್ರ ಪ್ರತಿ ಹೆಜ್ಜೆಗೂ ತೊಡೆಯ ಹಿಂಭಾಗಕ್ಕೆ ಗುದ್ದು. ಭಾರ ಕಾಲಿನ ಕಡೆಗೆ ಜಾರುವುದರಿಂದ ಅಡ್ಡಡ್ಡ ಮಲಗಿ ಈಜುವುದೂ ಕಷ್ಟವಾಗಬಹುದು.

ಹೀಗಾಗಿ ನನ್ನ ಸಲಹೆ. ಮೊದಲು ಡಬಲ್ 8.5 ಎರವಲು ತಂದು ಎರಡು ಡೈವ್ ಮಾಡಿ. ತೊಡೆಗೆ ತಾಗದಿದ್ದರೆ, ಕಾಲು ಕೆಳಗೆಳೆಯದಿದ್ದರೆ ಕಣ್ಣುಮುಚ್ಚಿ ಅದನ್ನೇ ಕೊಳ್ಳಿ. ತಾಗಿದರೆ ಡಬಲ್ 7ಕ್ಕೆ ಇಳಿಯಿರಿ. ಡಬಲ್ 10 ಉದ್ದದಲ್ಲಿ ನಿಮಗೆ ಹೊಂದುತ್ತದೆ, 40 ಕಿಲೋ ಹೊರುವ ಮಂಡಿ ಸೊಂಟ ನಿಮಗಿದ್ದರೆ ಅದರಲ್ಲೂ ತಪ್ಪಿಲ್ಲ. ನನಗಿಲ್ಲ.

ಎರವಲು ತಂದ ದಿನ ಅಂಗಡಿಯವರ ಮುಂದೆ ಬರೀ ಟೀಶರ್ಟಿನಲ್ಲಿ ಹಾಕಿ ನೋಡಬೇಡಿ. ಡ್ರೈಸೂಟ್, ದಪ್ಪ ಒಳಉಡುಪು, ಗ್ಲೌಸ್ ಎಲ್ಲ ತೊಟ್ಟು, ಎರಡು ವಾಲ್ವ್ ಮತ್ತು ಸಿಲಿಂಡರುಗಳನ್ನು ಬೇರ್ಪಡಿಸುವ ನಡುವಿನ ಐಸೊಲೇಟರ್ ಮೂರನ್ನೂ ಯಾರ ಸಹಾಯವಿಲ್ಲದೆ ಮುಚ್ಚಿ ತೆರೆಯಲು ಆಗುತ್ತದೆಯೇ ನೋಡಿ. ಒಂದು ರೆಗ್ಯುಲೇಟರ್ ಸೋರಲು ಶುರುವಾದಾಗ ಅದರ ವಾಲ್ವ್ ಮುಚ್ಚಿ ಇನ್ನೊಂದರಿಂದ ಉಸಿರಾಡಬಹುದು ಎಂಬುದಕ್ಕೇ ಜೋಡಿ ಕಟ್ಟುವುದು. ವಾಲ್ವ್ ಸಿಗದಿದ್ದರೆ ಆ ಜೋಡಿಗೆ ಅರ್ಥವೇ ಇಲ್ಲ. ಸಿಗದಿದ್ದರೆ ತೋಳು ಗಿಡ್ಡ ಎಂದು ತಲೆಮೇಲೆ ಕೈಹೊತ್ತು ಕೂರಬೇಡಿ. ಬ್ಯಾಂಡ್ ಸಡಿಲಿಸಿ ಸಿಲಿಂಡರನ್ನು ಎರಡು ಸೆಂಟಿಮೀಟರ್ ಮೇಲೇರಿಸಿ, ಹೆಗಲ ಪಟ್ಟಿಯನ್ನು ತುಸು ಸಡಿಲ ಬಿಡಿ, ಕಾಲಸಂದಿಯ ಪಟ್ಟಿಯನ್ನು ಬಿಗಿಯಾಗಿ ಎಳೆಯಿರಿ. ಮುಕ್ಕಾಲು ಜನರಿಗೆ ಇಷ್ಟರಲ್ಲೇ ಕೈ ತಲುಪುತ್ತದೆ. ಬ್ಯಾಕ್‌ಪ್ಲೇಟ್‌ನ ಎರಡು ಬೋಲ್ಟ್ ತೂತುಗಳ ಅಂತರ ಎಲ್ಲೆಡೆ 11 ಇಂಚು, ಅಂದರೆ 28 ಸೆಂಟಿಮೀಟರ್. ಹಾಗಾಗಿ ಗಿಡ್ಡ ಸಿಲಿಂಡರಿಗೂ ಬ್ಯಾಂಡ್ ಕೂರುತ್ತದೆ. ಪ್ಲೇಟಿನ ಉದ್ದ ಮಾತ್ರ ಬೇರೆಬೇರೆ ಸಿಗುತ್ತದೆ. ಗಿಡ್ಡದ್ದನ್ನು ಕೇಳಿ ಪಡೆಯಿರಿ, ಇಲ್ಲದಿದ್ದರೆ ಅದರ ಕೆಳ ಅಂಚು ಸೊಂಟಕ್ಕೆ ಒತ್ತುತ್ತದೆ. ತೆಳು ಸಿಲಿಂಡರಿಗೆ ಬ್ಯಾಂಡೂ ಮ್ಯಾನಿಫೋಲ್ಡೂ ಅದೇ ಅಳತೆಯವು ಬೇಕು ಎಂಬುದನ್ನೂ ಮರೆಯಬೇಡಿ. ಗಂಡನ ವಿಂಗ್ ಎರವಲು ಪಡೆಯುವುದೂ ಬೇಡ. 27 ಕಿಲೋ ಎತ್ತುವ ವಿಂಗ್ ನಿಮ್ಮ ಬೆನ್ನ ಮೇಲೆ ಮಡಚಿಕೊಂಡು ಗಾಳಿಯನ್ನು ಮೂಲೆಯಲ್ಲಿ ಬಚ್ಚಿಟ್ಟುಕೊಳ್ಳುತ್ತದೆ. 16ರಿಂದ 18 ಕಿಲೋದ್ದು ಧಾರಾಳ.

ಸೈಡ್‌ಮೌಂಟ್ ಬಗ್ಗೆ ಕೇಳಿದ್ದೀರಿ. ಒಂದೊಂದೇ ಸಿಲಿಂಡರನ್ನು ಕೈಯಲ್ಲಿ ಹಿಡಿದು ನೀರಿಗೊಯ್ದು ಅಲ್ಲೇ ಕೊಂಡಿ ಹಾಕಿಕೊಳ್ಳಬಹುದು, ಬೆನ್ನಿಗೆ ಭಾರವೇ ಇಲ್ಲ, ವಾಲ್ವ್‌ಗಳು ಎದೆಯ ಮುಂದೆ. ಬೆನ್ನುನೋವಿದ್ದವರಿಗೆ ನಾನು ಎರಡು ಮಾತಿಲ್ಲದೆ ಅದನ್ನೇ ಹೇಳುತ್ತೇನೆ. ಆದರೆ ಮ್ಯಾನಿಫೋಲ್ಡ್ ಇಲ್ಲದ್ದರಿಂದ ಎರಡರ ಗಾಳಿ ಸಮನಾಗಿ ಇಳಿಯುವಂತೆ ಆಗಾಗ ರೆಗ್ಯುಲೇಟರ್ ಬದಲಿಸುತ್ತಿರಬೇಕು. ಮರಗಟ್ಟಿದ ಬೆರಳಿನಲ್ಲಿ ಕೊಂಡಿ ಹಾಕುವುದು ಹಿಂಸೆ. ನಿಮ್ಮ ಕ್ಲಬ್ ಪೂರ್ತಿ ಬೆನ್ನಿನ ಜೋಡಿಯದ್ದಾದರೆ ತಂಡದ ಅಭ್ಯಾಸವೂ ಹೊಂದುವುದಿಲ್ಲ. ಬೆನ್ನು ಮಂಡಿ ಚೆನ್ನಾಗಿರುವವರೆಗೆ ಸಣ್ಣ ಜೋಡಿಯಿಂದಲೇ ಶುರುಮಾಡಿ.

ಭಾರದ ಬಗ್ಗೆ ಇಷ್ಟು ಕೊರೆಯುವುದಕ್ಕೆ ಇನ್ನೊಂದು ಕಾರಣವಿದೆ. ಆಳದ ಡೈವ್ ಮುಗಿಸಿ ಬಂದಾಗ ರಕ್ತದಲ್ಲಿ ಸಾರಜನಕದ ಗುಳ್ಳೆಗಳು ಓಡಾಡುತ್ತಿರುತ್ತವೆ. ಆ ಹೊತ್ತಿನಲ್ಲಿ ಉಸಿರು ಕಟ್ಟಿ ಮುಕ್ಕುತ್ತಾ 45 ಕಿಲೋ ಹೊತ್ತು ದಿಣ್ಣೆ ಹತ್ತುವುದು ಡಿಕಂಪ್ರೆಷನ್ ಕಾಯಿಲೆಗೆ ದಾರಿ ಮಾಡಿಕೊಟ್ಟಂತೆ. ಮೇಲೆ ಬಂದ ಮೇಲೆ ಹತ್ತು ನಿಮಿಷ ನೀರಿನಲ್ಲೇ ಸುಮ್ಮನೆ ತೇಲಿ. ಲಿಬರ್ಟಿ ಪ್ರತಿಮೆಯ ಪೀಠಕ್ಕೆ ಸಿಮೆಂಟು ಹೋದದ್ದು ಇದೇ ಹೆಮ್ಮೂರಿನಿಂದ. ಸಿಮೆಂಟಿಗಾಗಿ ಅಗೆದವರು ಬಿಟ್ಟುಹೋದ ಗುಂಡಿಯಲ್ಲೇ ನೀವು ತೇಲುತ್ತಿರುವುದು, ಅವಸರವೇನು?

ಅಮೆರಿಕದಲ್ಲಿರುವ ಕನ್ನಡಿಗರೂ ಇದನ್ನೇ ಕೇಳುತ್ತಿರುತ್ತಾರೆ, ಅವರಿಗೆ ಒಂದು ಮಾತು. ಅಲ್ಲಿ ಹೆಸರಿನಲ್ಲಿರುವ ಸಂಖ್ಯೆ ಒಳಗಿನ ಜಾಗದ್ದಲ್ಲ, ತುಂಬಿದ ಗಾಳಿಯ ಘನ ಅಡಿ. ಎಚ್‌ಪಿ (ಹೆಚ್ಚಿನ ಒತ್ತಡದ ಸಿಲಿಂಡರ್) 100 ಅಂದರೆ ಸುಮಾರು 12.9 ಲೀಟರ್, 24 ಇಂಚು ಉದ್ದ, 15 ಕಿಲೋ. ಎಚ್‌ಪಿ 80 ಅಂದರೆ ಸುಮಾರು 10.2 ಲೀಟರ್, 20 ಇಂಚು. ಗಿಡ್ಡ ಬೆನ್ನಿನವರಿಗೆ ಆ ಎಚ್‌ಪಿ 80 ಜೋಡಿ ಚೆನ್ನಾಗಿ ಹೊಂದುತ್ತದೆ. ಆದರೆ ಅವು ಬರಿದಾದರೂ ತುಸು ಮುಳುಗುವಂಥವು, ತೆಳು ವೆಟ್‌ಸೂಟಿನ ಜೊತೆ ಜೋಡಿ ಕಟ್ಟಬೇಡಿ. ನೀವೂ ರಜೆಗೆ ಊರಿಗೆ ಬಂದು ನೇತ್ರಾಣಿಗೆ ಹೋದಾಗ ಜೋಡಿಯ ಯೋಚನೆಯನ್ನೇ ಬಿಟ್ಟು ಒಂದೇ ಸಿಲಿಂಡರಿನಲ್ಲಿ ಮೀನು ನೋಡಿ.

ಇನ್ನು ಮೂಲೆಯಲ್ಲಿರುವ ಹಳೆಯ ಡಬಲ್ 12. ಪುಕ್ಕಟೆ ಸಿಕ್ಕಿತೆಂದು ಹೊರಬೇಡಿ, ಎಸೆಯಲೂ ಬೇಡಿ. ತಪಾಸಣೆಯ ಮುದ್ರೆಯ ತಾರೀಕು ನೋಡಿ. ಗಾಳಿ ಪೂರ್ತಿ ಬಿಟ್ಟ ಮೇಲೆ ಬಲ್ಲವರಿಂದ ಬ್ಯಾಂಡ್ ಬಿಚ್ಚಿಸಿ, ಮ್ಯಾನಿಫೋಲ್ಡ್ ತೆಗೆಸಿ, ಒಂದೊಂದಕ್ಕೂ ಬಿಡಿ ವಾಲ್ವ್ ಹಾಕಿಸಿ. ಬೇಸಿಗೆಯ ಸಣ್ಣ ಡೈವ್‌ಗಳಿಗೆ ಎರಡು ಒಳ್ಳೆಯ ಒಂಟಿ ಸಿಲಿಂಡರ್ ಆದವು. ಆ ಮ್ಯಾನಿಫೋಲ್ಡೂ ಬ್ಯಾಂಡೂ 171 ಮಿಲಿಮೀಟರಿನವಾದರೆ ಎಣ್ಣೆ ಹಚ್ಚದೆ ಒಣಬಟ್ಟೆಯಲ್ಲಿ ಸುತ್ತಿಡಿ, ಮುಂದೆ ಡಬಲ್ 10 ಕಟ್ಟುವ ಮನಸ್ಸಾದರೆ ಅವೇ ಬರುತ್ತವೆ.